ಚಿಹ್ನೆಸಹಿತ ಲ್ಯಾಟಿನ್ ಅಕ್ಷರಗಳ ಗಣಕ ಸಂಕೇತೀಕರಣ

ಚಿಹ್ನೆಸಹಿತ ಲ್ಯಾಟಿನ್ ಅಕ್ಷರಗಳ ಗಣಕ ಸಂಕೇತೀಕರಣ ಎಂದರೆ ಮೇಲೆ ಅಥವಾ ಕೆಳಗೆ ಗೆರೆ, ಚುಕ್ಕೆ, ಕೊಂಕು ಮುಂತಾದ ಗುರುತುಗಳಿರುವ ಲ್ಯಾಟಿನ್ ಲಿಪಿಯ ಅಕ್ಷರಗಳನ್ನು ಗಣಕಯಂತ್ರದಲ್ಲಿ ಸಂಖ್ಯೆಗಳ ರೂಪದಲ್ಲಿ ದಾಖಲಿಸುವ ಕ್ರಮ. ಇಂತಹ ಅಕ್ಷರಗಳು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್ ಮೊದಲಾದ ಭಾಷೆಗಳಲ್ಲಿ ನಿತ್ಯ ಬಳಕೆಯಲ್ಲಿವೆ. ಕನ್ನಡಕ್ಕೂ ಇವುಗಳೊಡನೆ ಎರಡು ಬಗೆಯ ಸಂಬಂಧವಿದೆ. ಮೊದಲನೆಯದು, ಕನ್ನಡ ಪದಗಳನ್ನು ಲ್ಯಾಟಿನ್ ಲಿಪಿಯಲ್ಲಿ ಉಚ್ಚಾರಣೆ ಕೆಡದಂತೆ ಬರೆಯಲು ಈ ಗುರುತುಗಳು ಬೇಕಾಗುತ್ತವೆ. ಎರಡನೆಯದು, ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅನೇಕ ಫಾಂಟುಗಳು ಈ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಇರಿಸಿಕೊಂಡಿದ್ದವು. ಆ ಕಾಲದ ಕನ್ನಡ ಕಡತಗಳು ಇಂದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಈ ಲೇಖನದಲ್ಲಿ ಲ್ಯಾಟಿನ್ ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರಿನಿಂದ (ಎ, ಇ, ಯು ಇತ್ಯಾದಿ) ಸೂಚಿಸಲಾಗಿದೆ. ಸಂಕೇತ ಸಂಖ್ಯೆಗಳನ್ನು ದಶಮಾನ ಪದ್ಧತಿಯಲ್ಲಿ ಕೊಡಲಾಗಿದೆ.

ಪ್ರಮುಖ ಚಿಹ್ನೆಗಳು

• ಅಕ್ಯೂಟ್: ಅಕ್ಷರದ ಮೇಲೆ ಎಡದಿಂದ ಬಲಕ್ಕೆ ಏರುವ ಓರೆಗೆರೆ.
• ಗ್ರೇವ್: ಅಕ್ಷರದ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಓರೆಗೆರೆ.
• ಉಮ್ಲೌಟ್: ಅಕ್ಷರದ ಮೇಲೆ ಅಕ್ಕಪಕ್ಕದಲ್ಲಿರುವ ಎರಡು ಚುಕ್ಕೆಗಳು.
• ಟಿಲ್ಡೆ: ಅಕ್ಷರದ ಮೇಲಿನ ಅಲೆಯಾಕಾರದ ಗೆರೆ.
• ಸೆಡಿಲ್ಲಾ: ಸಿ ಅಕ್ಷರದ ಅಡಿಯಲ್ಲಿ ಬರುವ ಕೊಂಕು.
• ಮ್ಯಾಕ್ರನ್: ಅಕ್ಷರದ ಮೇಲಿನ ನೇರವಾದ ಅಡ್ಡಗೆರೆ. ಭಾರತೀಯ ಭಾಷೆಗಳ ಲಿಪ್ಯಂತರದಲ್ಲಿ ಇದು ದೀರ್ಘಸ್ವರದ ಗುರುತು.
• ಅಡಿಚುಕ್ಕೆ: ಅಕ್ಷರದ ಕೆಳಗಿನ ಒಂದು ಚುಕ್ಕೆ. ಟ, ಡ, ಣ, ಷ, ಳ ಮುಂತಾದ ವ್ಯಂಜನಗಳನ್ನು ಸೂಚಿಸುತ್ತದೆ.

ಅಕ್ಷರದಿಂದ ಸಂಖ್ಯೆಗೆ

ಗಣಕಯಂತ್ರದ ಸ್ಮೃತಿಯಲ್ಲಿ ಸೊನ್ನೆ ಮತ್ತು ಒಂದುಗಳ ಹೊರತು ಬೇರೇನೂ ಇರುವುದಿಲ್ಲ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಅಕ್ಷರದ ಬದಲಿಗೆ ಆ ಸಂಖ್ಯೆಯನ್ನು ಉಳಿಸಲಾಗುತ್ತದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ತಿಳಿಸುವ ಪಟ್ಟಿಗೆ ಅಕ್ಷರಕೋಷ್ಟಕ ಎಂದು ಹೆಸರು. ಪಠ್ಯವನ್ನು ತೆರೆಯುವಾಗ ತಂತ್ರಾಂಶವು ಸಂಖ್ಯೆಯನ್ನು ಓದಿ, ಕೋಷ್ಟಕದಲ್ಲಿ ಅದರ ಅಕ್ಷರವನ್ನು ಗುರುತಿಸಿ, ಫಾಂಟಿನಲ್ಲಿರುವ ಆಕೃತಿಯನ್ನು ತೆರೆಯ ಮೇಲೆ ಮೂಡಿಸುತ್ತದೆ. ಬರೆಯುವವರೂ ಓದುವವರೂ ಒಂದೇ ಕೋಷ್ಟಕವನ್ನು ಬಳಸಿದಾಗ ಮಾತ್ರ ಪಠ್ಯವು ಸರಿಯಾಗಿ ತಲುಪುತ್ತದೆ.

ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಎಂಬ ಕೋಷ್ಟಕವು 7 ಬಿಟ್‌ಗಳದ್ದು. ಇದರಲ್ಲಿ 0ಯಿಂದ 127ರವರೆಗೆ ಒಟ್ಟು 128 ಸ್ಥಾನಗಳಿವೆ. ಅವುಗಳಲ್ಲಿ 33 ನಿಯಂತ್ರಣ ಸಂಕೇತಗಳಿಗೂ ಉಳಿದ 95 ಮುದ್ರಿಸಬಹುದಾದ ಅಕ್ಷರ, ಅಂಕಿ ಮತ್ತು ಲೇಖನ ಚಿಹ್ನೆಗಳಿಗೂ ಮೀಸಲು. ದೊಡ್ಡ ಎ ಅಕ್ಷರದ ಸಂಖ್ಯೆ 65, ಚಿಕ್ಕ ಎ ಅಕ್ಷರದ ಸಂಖ್ಯೆ 97. ಇಂಗ್ಲಿಷಿಗೆ ಸಾಕಾಗುವ ಈ ಕೋಷ್ಟಕದಲ್ಲಿ ಫ್ರೆಂಚಿನ ಅಕ್ಯೂಟ್‌ಸಹಿತ ಇ, ಜರ್ಮನಿನ ಉಮ್ಲೌಟ್‌ಸಹಿತ ಯು, ಪೋರ್ಚುಗೀಸಿನ ಟಿಲ್ಡೆಸಹಿತ ಎ ಇವುಗಳಿಗೆ ಸ್ಥಾನವಿರಲಿಲ್ಲ.

ಎಂಟನೆಯ ಬಿಟ್

ಗಣಕಯಂತ್ರಗಳಲ್ಲಿ 8 ಬಿಟ್‌ಗಳ ಬೈಟ್ ಸಾಮಾನ್ಯವಾದ ಬಳಿಕ 128ರಿಂದ 255ರವರೆಗಿನ ಇನ್ನೂ 128 ಸ್ಥಾನಗಳು ದೊರೆತವು. ಅವುಗಳನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ರೀತಿಯಲ್ಲಿ ತುಂಬಿದರು. ಐಬಿಎಂ ಪಿಸಿಯ 437ನೆಯ ಸಂಕೇತಪುಟದಲ್ಲಿ ಅಕ್ಯೂಟ್‌ಸಹಿತ ಚಿಕ್ಕ ಇ ಅಕ್ಷರದ ಸಂಖ್ಯೆ 130 ಆಗಿದ್ದರೆ, ಆಪಲ್ ಮ್ಯಾಕಿಂಟಾಷಿನಲ್ಲಿ ಅದು 142 ಆಗಿತ್ತು.

1987ರಲ್ಲಿ ಪ್ರಕಟವಾದ ಐಎಸ್‌ಒ 8859-1 ಎಂಬ ಅಂತರರಾಷ್ಟ್ರೀಯ ಮಾನಕವು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ 160ರಿಂದ 255ರವರೆಗಿನ 96 ಸ್ಥಾನಗಳನ್ನು ಗೊತ್ತುಪಡಿಸಿತು. ಇದಕ್ಕೆ ಲ್ಯಾಟಿನ್-1 ಎಂಬ ಹೆಸರೂ ಇದೆ. ಇದರಲ್ಲಿ ಗ್ರೇವ್‌ಸಹಿತ ದೊಡ್ಡ ಎ 192, ಅಕ್ಯೂಟ್‌ಸಹಿತ ದೊಡ್ಡ ಇ 201, ಟಿಲ್ಡೆಸಹಿತ ಚಿಕ್ಕ ಎ 227, ಸೆಡಿಲ್ಲಾಸಹಿತ ಚಿಕ್ಕ ಸಿ 231, ಅಕ್ಯೂಟ್‌ಸಹಿತ ಚಿಕ್ಕ ಇ 233, ಉಮ್ಲೌಟ್‌ಸಹಿತ ಚಿಕ್ಕ ಯು 252. ಮೈಕ್ರೋಸಾಫ್ಟ್ ವಿಂಡೋಸಿನ 1252ನೆಯ ಸಂಕೇತಪುಟವು ಈ 96 ಸ್ಥಾನಗಳನ್ನು ಹಾಗೆಯೇ ಉಳಿಸಿಕೊಂಡು, 128ರಿಂದ 159ರ ನಡುವೆ ಬಾಗಿದ ಉದ್ಧರಣ ಚಿಹ್ನೆ ಮೊದಲಾದವುಗಳನ್ನು ಸೇರಿಸಿತು.

ಆದರೂ ಒಂದು ಬೈಟಿನಲ್ಲಿ ಜಗತ್ತಿನ ಎಲ್ಲ ಲಿಪಿಗಳನ್ನು ಹಿಡಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ 8859 ಮಾಲಿಕೆಯಲ್ಲಿ ಹಲವು ಭಾಗಗಳು ಬಂದವು. 233 ಎಂಬ ಒಂದೇ ಸಂಖ್ಯೆಯು ಮೊದಲನೆಯ ಭಾಗದಲ್ಲಿ ಅಕ್ಯೂಟ್‌ಸಹಿತ ಇ ಆಗಿದ್ದರೆ, ಐದನೆಯ ಭಾಗದಲ್ಲಿ ರಷ್ಯನ್ ಭಾಷೆಯ ಒಂದು ವ್ಯಂಜನ, ಏಳನೆಯ ಭಾಗದಲ್ಲಿ ಗ್ರೀಕಿನ ಅಯೋಟ. ಕಡತದೊಳಗೆ ಸಂಖ್ಯೆ ಮಾತ್ರ ಇರುವುದರಿಂದ, ಅದನ್ನು ಯಾವ ಕೋಷ್ಟಕದಂತೆ ಓದಬೇಕೆಂಬುದು ಬೇರೆಡೆಯಿಂದ ತಿಳಿಯಬೇಕಾಗುತ್ತದೆ.

ಭಾರತದಲ್ಲಿ 1991ರಲ್ಲಿ ಭಾರತೀಯ ಮಾನಕ 13194 ಆಗಿ ಅಂಗೀಕೃತವಾದ ಇಸ್ಕಿಯು ಇದೇ ಮೇಲಿನ ಅರ್ಧವನ್ನು ಭಾರತೀಯ ಲಿಪಿಗಳಿಗೆ ಬಳಸಿತು. ಇಸ್ಕಿಯಲ್ಲಿ ಕಕಾರದ ಸಂಖ್ಯೆ 179. ಲ್ಯಾಟಿನ್-1ರಲ್ಲಿ ಅದೇ ಸಂಖ್ಯೆಯು ಮೇಲೆತ್ತಿ ಬರೆದ ಮೂರರ ಅಂಕಿ, ಅಂದರೆ ಘನದ ಚಿಹ್ನೆ.

ಕನ್ನಡ ಫಾಂಟುಗಳಲ್ಲಿ ಚಿಹ್ನೆಸಹಿತ ಅಕ್ಷರಗಳ ಸ್ಥಾನ

ಇಸ್ಕಿಯ ಬಳಕೆ ವ್ಯಾಪಕವಾಗಲಿಲ್ಲ. ಅಕ್ಷರ ಜೋಡಣೆ ಮತ್ತು ಕಚೇರಿ ಕೆಲಸಗಳಲ್ಲಿ ಮತ್ತೊಂದು ಉಪಾಯ ಹರಡಿತು. ಲ್ಯಾಟಿನ್ ಅಕ್ಷರಗಳ ಸ್ಥಾನಗಳನ್ನು ಹಾಗೆಯೇ ಇಟ್ಟುಕೊಂಡು, ಫಾಂಟಿನೊಳಗೆ ಆ ಸ್ಥಾನಗಳಲ್ಲಿರುವ ಆಕೃತಿಗಳನ್ನು ಮಾತ್ರ ಕನ್ನಡದ ಆಕೃತಿಗಳಿಗೆ ಬದಲಾಯಿಸುವುದೇ ಆ ಉಪಾಯ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಈ ಬಗೆಯವು. ಕಾಗುಣಿತ ಮತ್ತು ಒತ್ತಕ್ಷರಗಳಿಗೆ ಆಸ್ಕಿಯ 95 ಸ್ಥಾನಗಳು ಸಾಲದೆ ಹೋದುದರಿಂದ ಲ್ಯಾಟಿನ್-1ರ ಚಿಹ್ನೆಸಹಿತ ಅಕ್ಷರಗಳ ಸ್ಥಾನಗಳೂ ಬಳಕೆಯಾದವು. ಇವುಗಳನ್ನು ರೂಢಿಯಲ್ಲಿ ಆಸ್ಕಿ ಫಾಂಟುಗಳೆಂದು ಕರೆದರೂ, ಇವು ಬಳಸುವ ಸಂಖ್ಯೆಗಳಲ್ಲಿ ಬಹಳಷ್ಟು ಆಸ್ಕಿಯ ಮಿತಿಯಾದ 127ನ್ನು ಮೀರಿದವು.

ಉದಾಹರಣೆಗೆ, ಬೆಳಗಾವಿ ನಗರದ ನೆಹರು ನಗರ ಎಂಬ ಬಡಾವಣೆಯ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದಾಗ ಕಡತದಲ್ಲಿ ಉಳಿಯುವ ಸಂಖ್ಯೆಗಳು ಹೀಗಿವೆ:

ನೆ: 163, 201
ಹ: 186, 192
ರು: 103, 192, 196
ತೆರವು: 32
ನ: 163, 192
ಗ: 85, 192
ರ: 103, 192

ಇಲ್ಲಿ 163 ತಲೆಕಟ್ಟಿಲ್ಲದ ನಕಾರ, 192 ತಲೆಕಟ್ಟು, 201 ಎತ್ವ, 196 ಕೊಂಬು. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಇದೇ ಕಡತವನ್ನು ತೆರೆದರೆ 163 ಬ್ರಿಟಿಷ್ ಪೌಂಡಿನ ಚಿಹ್ನೆಯಾಗಿಯೂ, 201 ಅಕ್ಯೂಟ್‌ಸಹಿತ ಇ ಆಗಿಯೂ, 192 ಗ್ರೇವ್‌ಸಹಿತ ಎ ಆಗಿಯೂ, 196 ಉಮ್ಲೌಟ್‌ಸಹಿತ ಎ ಆಗಿಯೂ ಕಾಣುತ್ತವೆ. ಹೀಗೆ ನೆಹರು ನಗರದ ಎರಡೂ ಪದಗಳು ಪೌಂಡಿನ ಚಿಹ್ನೆಯಿಂದ ಆರಂಭವಾಗುತ್ತವೆ. ಕನ್ನಡದ ಬಹುತೇಕ ಅಕಾರಾಂತ ವ್ಯಂಜನಗಳಿಗೆ ತಲೆಕಟ್ಟು ಬೇಕಾಗುವುದರಿಂದ ಇಂತಹ ಪುಟಗಳ ತುಂಬ ಗ್ರೇವ್‌ಸಹಿತ ಎ ಅಕ್ಷರವೇ ಕಾಣುತ್ತದೆ.

ಗಣಕಯಂತ್ರದ ದೃಷ್ಟಿಯಲ್ಲಿ ಇಂತಹ ಕಡತದೊಳಗೆ ಕನ್ನಡವೇ ಇಲ್ಲ; ಇರುವುದು ಲ್ಯಾಟಿನ್ ಅಕ್ಷರಗಳ ಒಂದು ಸಾಲು. ಆದ್ದರಿಂದ ಹುಡುಕುಯಂತ್ರದಲ್ಲಿ ಯೂನಿಕೋಡ್ ಕನ್ನಡದಲ್ಲಿ ಹೆಸರನ್ನು ಬರೆದು ಹುಡುಕಿದರೆ ಆ ಕಡತ ಸಿಗುವುದಿಲ್ಲ. ದೃಷ್ಟಿಹೀನರು ಬಳಸುವ ಪಠ್ಯವಾಚಕ ತಂತ್ರಾಂಶವು ಅದನ್ನು ಕನ್ನಡವೆಂದು ಗುರುತಿಸಿ ಓದಲಾರದು. ಅಕಾರಾದಿಯಾಗಿ ಜೋಡಿಸಲು ಹೊರಟರೆ ಕನ್ನಡದ ವರ್ಣಮಾಲೆಯ ಕ್ರಮ ಬರುವುದಿಲ್ಲ. ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳು ತಮ್ಮದೇ ಆದ ಬೇರೆ ಸ್ಥಾನಕ್ರಮಗಳನ್ನು ಅನುಸರಿಸಿದ್ದುದರಿಂದ ಒಂದರ ಪಠ್ಯವನ್ನು ಇನ್ನೊಂದರಲ್ಲಿ ಓದುವುದೂ ಕಷ್ಟವಾಗಿತ್ತು.

ಯೂನಿಕೋಡ್

ಒಂದು ಸಂಖ್ಯೆಗೆ ಎಲ್ಲೆಡೆಯೂ ಒಂದೇ ಅಕ್ಷರ ಎಂಬ ತತ್ತ್ವದ ಮೇಲೆ ರೂಪುಗೊಂಡ ಮಾನಕವೇ ಯೂನಿಕೋಡ್. ಇದರ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಇದರ ಮೊದಲ 256 ಸ್ಥಾನಗಳು ಲ್ಯಾಟಿನ್-1ರ ಸ್ಥಾನಗಳೇ ಆಗಿರುವುದರಿಂದ ಅಕ್ಯೂಟ್‌ಸಹಿತ ಚಿಕ್ಕ ಇ ಇಲ್ಲಿಯೂ 233 ಆಗಿದೆ. 256ರಿಂದ 383ರವರೆಗೆ ಮ್ಯಾಕ್ರನ್‌ಸಹಿತ ಸ್ವರಗಳೂ ಸೇರಿದಂತೆ ಇನ್ನಷ್ಟು ಲ್ಯಾಟಿನ್ ಅಕ್ಷರಗಳಿವೆ. ಅಡಿಚುಕ್ಕೆಯ ಅಕ್ಷರಗಳು 7680ರಿಂದ 7935ರವರೆಗಿನ ವಿಭಾಗದಲ್ಲಿವೆ. ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ವಂತ ವಿಭಾಗವಿದ್ದು, ಕಕಾರದ ಸಂಖ್ಯೆ 3221. ಒಂದೇ ಪುಟದಲ್ಲಿ ಕನ್ನಡ, ಮರಾಠಿ, ಫ್ರೆಂಚ್‌ಗಳನ್ನು ಗೊಂದಲವಿಲ್ಲದೆ ಬರೆಯಲು ಇದರಿಂದ ಸಾಧ್ಯವಾಯಿತು.

ಒಂದೇ ಅಕ್ಷರಕ್ಕೆ ಎರಡು ರೂಪ

ಯೂನಿಕೋಡಿನಲ್ಲಿ ಚಿಹ್ನೆಸಹಿತ ಅಕ್ಷರವನ್ನು ಎರಡು ರೀತಿಯಲ್ಲಿ ದಾಖಲಿಸಬಹುದು. ಅಕ್ಯೂಟ್‌ಸಹಿತ ಇ ಅಕ್ಷರವನ್ನು 233 ಎಂಬ ಒಂದೇ ಸಂಖ್ಯೆಯಾಗಿ ಬರೆಯಬಹುದು. ಅಥವಾ ಬರಿಯ ಇ ಅಕ್ಷರದ 101ನ್ನು ಬರೆದು, ಅದರ ಮುಂದೆ ಅಕ್ಯೂಟ್ ಚಿಹ್ನೆಯ 769ನ್ನು ಬರೆಯಬಹುದು. 768ರಿಂದ 879ರವರೆಗಿನ ವಿಭಾಗದಲ್ಲಿ ಹೀಗೆ ಹಿಂದಿನ ಅಕ್ಷರದೊಡನೆ ಕೂಡಿಕೊಳ್ಳುವ ಚಿಹ್ನೆಗಳಿವೆ.

ಕನ್ನಡ ಓದುಗರಿಗೆ ಎರಡನೆಯ ಕ್ರಮ ಸಹಜವಾಗಿ ತೋರುತ್ತದೆ, ಏಕೆಂದರೆ ಯೂನಿಕೋಡಿನಲ್ಲಿ ಕನ್ನಡದ ಕಾಗುಣಿತವೂ ಹೀಗೆಯೇ ಇದೆ. ಕಿ ಎಂಬುದು 3221 (ಕ) ಮತ್ತು 3263 (ಗುಡಿಸು) ಎಂಬ ಎರಡು ಸಂಖ್ಯೆಗಳು. ಎರಡು ರೂಪಗಳ ಪ್ರಶ್ನೆ ಕನ್ನಡದಲ್ಲಿಯೂ ಇದೆ: ಕೀ ಎಂಬಲ್ಲಿನ ಈತ್ವವನ್ನು 3264 ಎಂದು ಒಂದಾಗಿಯೂ, 3263 ಮತ್ತು ದೀರ್ಘದ 3285 ಎಂದು ಎರಡಾಗಿಯೂ ಬರೆಯಬಹುದು.

ತೆರೆಯ ಮೇಲೆ ಎರಡು ರೂಪಗಳೂ ಒಂದೇ ಆಗಿ ಕಂಡರೂ ಸಂಖ್ಯೆಗಳು ಬೇರೆ. ಸಂಖ್ಯೆಗಳನ್ನು ಮಾತ್ರ ಹೋಲಿಸುವ ತಂತ್ರಾಂಶವು ಇವುಗಳನ್ನು ಎರಡು ಬೇರೆ ಪದಗಳೆಂದು ಬಗೆಯುತ್ತದೆ. ಇದನ್ನು ತಪ್ಪಿಸಲು ಹೋಲಿಕೆಗೆ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರಲಾಗುತ್ತದೆ. ಈ ಕ್ರಿಯೆಗೆ ಸಾಮಾನ್ಯೀಕರಣ ಎಂದು ಹೆಸರು. ಕೂಡಿಸಿದ ರೂಪವನ್ನು ಎನ್‌ಎಫ್‌ಸಿ ಎಂದೂ ಬಿಡಿಸಿದ ರೂಪವನ್ನು ಎನ್‌ಎಫ್‌ಡಿ ಎಂದೂ ಕರೆಯುತ್ತಾರೆ. ಅಂತರಜಾಲದ ಪುಟಗಳಿಗೆ ಸಾಮಾನ್ಯವಾಗಿ ಕೂಡಿಸಿದ ರೂಪವನ್ನು ಬಳಸಲಾಗುತ್ತದೆ.

ಯುಟಿಎಫ್-8

ಯೂನಿಕೋಡ್ ಸಂಖ್ಯೆಗಳು 255ನ್ನು ಮೀರುವುದರಿಂದ ಅವುಗಳನ್ನು ಬೈಟ್‌ಗಳಾಗಿ ಒಡೆದು ಬರೆಯುವ ನಿಯಮವೊಂದು ಬೇಕು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಇಂದು ಅಂತರಜಾಲದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ನಿಯಮ. ಇದರಂತೆ 127ರವರೆಗಿನ ಸಂಖ್ಯೆಗೆ ಒಂದು ಬೈಟ್, 128ರಿಂದ 2047ರವರೆಗೆ ಎರಡು, 2048ರಿಂದ 65535ರವರೆಗೆ ಮೂರು, ಅದಕ್ಕೂ ಮೇಲಿನವಕ್ಕೆ ನಾಲ್ಕು ಬೈಟ್‌ಗಳು.

ಎರಡು ಬೈಟ್‌ಗಳ ಲೆಕ್ಕವನ್ನು ಸರಳ ಭಾಗಾಕಾರದಿಂದ ಮಾಡಬಹುದು. 233ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 41. ಭಾಗಲಬ್ಧಕ್ಕೆ 192ನ್ನೂ ಶೇಷಕ್ಕೆ 128ನ್ನೂ ಕೂಡಿಸಿದರೆ 195 ಮತ್ತು 169 ಎಂಬ ಎರಡು ಬೈಟ್‌ಗಳು ದೊರೆಯುತ್ತವೆ. ಮೂರು ಬೈಟ್‌ಗಳ ಅಕ್ಷರಕ್ಕೆ ಎರಡು ಸಲ ಭಾಗಿಸಬೇಕು. ಕಕಾರದ 3221ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 50, ಶೇಷ 21. 50ನ್ನು ಮತ್ತೆ 64ರಿಂದ ಭಾಗಿಸಿದರೆ ಭಾಗಲಬ್ಧ 0, ಶೇಷ 50. ಕೊನೆಯ ಭಾಗಲಬ್ಧಕ್ಕೆ 224ನ್ನೂ ಎರಡು ಶೇಷಗಳಿಗೆ ತಲಾ 128ನ್ನೂ ಕೂಡಿಸಿದರೆ 224, 178, 149 ಎಂಬ ಮೂರು ಬೈಟ್‌ಗಳಾಗುತ್ತವೆ.

ಯುಟಿಎಫ್-8ರ ಪಠ್ಯವನ್ನು ತಪ್ಪಾಗಿ ಲ್ಯಾಟಿನ್-1 ಅಥವಾ 1252ನೆಯ ಸಂಕೇತಪುಟದಂತೆ ಓದಿದರೆ ಪ್ರತಿಯೊಂದು ಬೈಟೂ ಒಂದೊಂದು ಅಕ್ಷರವಾಗಿಬಿಡುತ್ತದೆ. ಫ್ರೆಂಚಿನ ಅಕ್ಯೂಟ್‌ಸಹಿತ ಇ ಇದ್ದಲ್ಲಿ ಟಿಲ್ಡೆಸಹಿತ ದೊಡ್ಡ ಎ (195) ಮತ್ತು ಕೃತಿಸ್ವಾಮ್ಯದ ಚಿಹ್ನೆ (169) ಕಾಣುತ್ತವೆ. ಕನ್ನಡ ವಿಭಾಗದ ಎಲ್ಲ ಅಕ್ಷರಗಳ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಆದ್ದರಿಂದ ತಪ್ಪಾಗಿ ಓದಿದ ಕನ್ನಡ ಪಠ್ಯದಲ್ಲಿ ಗ್ರೇವ್‌ಸಹಿತ ಚಿಕ್ಕ ಎ ಮತ್ತು ಅದರ ಹಿಂದೆಯೇ ವರ್ಗದ ಅಥವಾ ಘನದ ಚಿಹ್ನೆ ಮತ್ತೆ ಮತ್ತೆ ಬರುತ್ತವೆ. ಈ ಲಕ್ಷಣದಿಂದ ದೋಷದ ಮೂಲವನ್ನು ಗುರುತಿಸಬಹುದು. ದೊಡ್ಡ ಎ ಮೇಲೆ ಗ್ರೇವ್ ಹೆಚ್ಚಾಗಿದ್ದರೆ ಅದು ನುಡಿಯಂತಹ ಹಳೆಯ ಫಾಂಟಿನ ಪಠ್ಯವಾಗಿರಬಹುದು. ಚಿಕ್ಕ ಎ ಮೇಲೆ ಗ್ರೇವ್ ಇದ್ದು ಜೊತೆಗೆ ವರ್ಗದ ಚಿಹ್ನೆಯೂ ಬರುತ್ತಿದ್ದರೆ ಅದು ಯೂನಿಕೋಡ್ ಕನ್ನಡವೇ ಆಗಿದ್ದು, ಓದುವ ಕ್ರಮ ಮಾತ್ರ ತಪ್ಪಿದೆ. ಎರಡನೆಯ ಸಂದರ್ಭದಲ್ಲಿ ಬೈಟ್‌ಗಳು ಕೆಟ್ಟಿರದಿದ್ದರೆ ತಂತ್ರಾಂಶದಲ್ಲಿ ಯುಟಿಎಫ್-8 ಎಂದು ಆರಿಸಿದೊಡನೆ ಪಠ್ಯ ಸರಿಹೋಗುತ್ತದೆ.

ನೆಹರು ನಗರ ಎಂಬ ಹೆಸರು ಹಳೆಯ ನುಡಿ ಫಾಂಟಿನಲ್ಲಿ 14 ಬೈಟ್‌ಗಳಷ್ಟಿದ್ದರೆ, ಯುಟಿಎಫ್-8ರಲ್ಲಿ 25 ಬೈಟ್‌ಗಳಷ್ಟಾಗುತ್ತದೆ. ಗಾತ್ರ ಹೆಚ್ಚಿದರೂ ಪಠ್ಯವು ಯಾವುದೇ ಒಂದು ಫಾಂಟಿಗೆ ಅಧೀನವಾಗಿರುವುದಿಲ್ಲ.

ಕನ್ನಡದ ಲಿಪ್ಯಂತರದಲ್ಲಿ ಬಳಕೆ

ಕನ್ನಡ ಪದಗಳನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯಲು ಚಿಹ್ನೆಸಹಿತ ಅಕ್ಷರಗಳನ್ನು ಬಳಸುವ ಪದ್ಧತಿ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. ಅದರಲ್ಲಿ ಕನ್ನಡ ಪದದ ಜೊತೆಗೆ ಲ್ಯಾಟಿನ್ ಲಿಪಿಯ ರೂಪವನ್ನೂ ಕೊಡಲಾಗಿದೆ. ಅದೇ ವರ್ಷ ಜಿನೀವಾದಲ್ಲಿ ನಡೆದ ಪ್ರಾಚ್ಯವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನವು ಸಂಸ್ಕೃತದ ಲಿಪ್ಯಂತರಕ್ಕೆ ಒಂದು ಸಮಾನ ಪದ್ಧತಿಯ ತಳಹದಿಯನ್ನು ಹಾಕಿತು. ಭಾರತೀಯ ಲಿಪಿಗಳೆಲ್ಲಕ್ಕೂ ಅನ್ವಯಿಸುವ ಐಎಸ್‌ಒ 15919 ಮಾನಕವು 2001ರಲ್ಲಿ ಬಂದಿತು.

ಈ ಚಿಹ್ನೆಗಳು ಅಲಂಕಾರಕ್ಕಾಗಿ ಇರುವವಲ್ಲ. ಬಲೆ, ಬಳೆ, ಬಾಲೆ, ಬಾಳೆ ಎಂಬ ನಾಲ್ಕು ಪದಗಳನ್ನು ಚಿಹ್ನೆಗಳಿಲ್ಲದೆ ಲ್ಯಾಟಿನ್ ಅಕ್ಷರಗಳಲ್ಲಿ ಬರೆದರೆ ನಾಲ್ಕೂ ಒಂದೇ ಆಗಿಬಿಡುತ್ತವೆ. ಎ ಮೇಲಿನ ಮ್ಯಾಕ್ರನ್ (257) ದೀರ್ಘವನ್ನೂ, ಎಲ್ ಕೆಳಗಿನ ಅಡಿಚುಕ್ಕೆ (7735) ಳಕಾರವನ್ನೂ ಸೂಚಿಸಿದಾಗ ನಾಲ್ಕೂ ಬೇರೆಯಾಗುತ್ತವೆ. ಬೆಳಗಾವಿ ಎಂಬ ಹೆಸರಿಗೆ ಈ ಎರಡೂ ಚಿಹ್ನೆಗಳು ಬೇಕು. ಖಾನಾಪುರಕ್ಕೆ ಎರಡು ಮ್ಯಾಕ್ರನ್‌ಗಳು ಸಾಕು. ಹ್ರಸ್ವಸ್ವರಗಳೇ ಇರುವ ನೆಹರು ನಗರಕ್ಕೆ ಯಾವ ಚಿಹ್ನೆಯೂ ಬೇಡ. ಋಕಾರಕ್ಕೆ ಐಎಸ್‌ಒ 15919 ಗೊತ್ತುಪಡಿಸಿದ, ಅಡಿಯಲ್ಲಿ ಸಣ್ಣ ಉಂಗುರವಿರುವ ಆರ್ ಅಕ್ಷರಕ್ಕೆ ಯೂನಿಕೋಡಿನಲ್ಲಿ ಒಂಟಿ ಸಂಖ್ಯೆಯಿಲ್ಲ. ಆರ್ ಮುಂದೆ 805 ಎಂಬ ಉಂಗುರದ ಚಿಹ್ನೆಯನ್ನು ಕೂಡಿಸಿಯೇ ಬರೆಯಬೇಕು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅನುಸರಿಸುವ ಲಿಪ್ಯಂತರ ಪದ್ಧತಿಯಲ್ಲಿಯೂ ಇಂತಹ ಚಿಹ್ನೆಗಳಿವೆ. ಅಲ್ಲಿನ ಗ್ರಂಥಸೂಚಿಗಳಲ್ಲಿ ಕನ್ನಡ ಪುಸ್ತಕಗಳನ್ನು ಹುಡುಕುವವರಿಗೆ ಇವುಗಳ ಪರಿಚಯ ಉಪಯುಕ್ತ.

ಹುಡುಕಾಟ ಮತ್ತು ಅಕಾರಾದಿ

ವೈದ್ಯಕೀಯ ಪಠ್ಯಗಳಲ್ಲಿ ರೋಗಗಳಿಗೆ ಅವುಗಳನ್ನು ವಿವರಿಸಿದವರ ಹೆಸರನ್ನಿಡುವ ರೂಢಿಯಿದೆ. ಗಿಲೆನ್-ಬಾರೆ, ಮೆನಿಯೇರ್, ಷೋಗ್ರೆನ್, ಬೆಹ್ಚೆಟ್ ಇವೆಲ್ಲ ಚಿಹ್ನೆಸಹಿತ ಅಕ್ಷರಗಳುಳ್ಳ ಹೆಸರುಗಳು. ಮೆನಿಯೇರ್ ಹೆಸರಿನಲ್ಲಿ ಅಕ್ಯೂಟ್ ಮತ್ತು ಗ್ರೇವ್ ಎರಡೂ ಬರುತ್ತವೆ. ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವಿರುವ ಬೆಳಗಾವಿಯ ನೆಹರು ನಗರದಂತಹ ಪರಿಸರದಲ್ಲಿ ಇವು ವಿದ್ಯಾರ್ಥಿಗಳ ನಿತ್ಯದ ಓದಿನಲ್ಲಿ ಬರುವ ಪದಗಳು. ಸಾಮಾನ್ಯ ಕೀಲಿಮಣೆಯಲ್ಲಿ ಈ ಅಕ್ಷರಗಳಿಲ್ಲದ ಕಾರಣ ಬಹುತೇಕ ಹುಡುಕುಯಂತ್ರಗಳು ಚಿಹ್ನೆಗಳನ್ನು ಕಡೆಗಣಿಸಿ ಮೂಲ ಅಕ್ಷರಗಳನ್ನು ಮಾತ್ರ ಹೋಲಿಸುತ್ತವೆ. ಆದರೆ ಕಡತದೊಳಗೆ ಒಂದು ಪದವನ್ನು ಹುಡುಕುವ ಎಲ್ಲ ತಂತ್ರಾಂಶಗಳೂ ಹೀಗೆ ಮಾಡುವುದಿಲ್ಲ.

ಸಂಖ್ಯೆಯ ಕ್ರಮದಲ್ಲಿಯೇ ಪದಗಳನ್ನು ಜೋಡಿಸಿದರೆ ಅಕ್ಯೂಟ್‌ಸಹಿತ ಇ (233) ಕೊನೆಯ ಅಕ್ಷರವಾದ ಝಡ್ (122) ನಂತರ ಬರುತ್ತದೆ. ಸರಿಯಾದ ಕ್ರಮವು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಜರ್ಮನಿನ ನಿಘಂಟುಗಳಲ್ಲಿ ಉಮ್ಲೌಟ್‌ಸಹಿತ ಎ ಬರಿಯ ಎ ಜೊತೆಗೇ ಬಂದರೆ, ಸ್ವೀಡಿಷಿನಲ್ಲಿ ಅದು ಝಡ್ ನಂತರದ ಪ್ರತ್ಯೇಕ ಅಕ್ಷರ. ಸ್ಪ್ಯಾನಿಷಿನಲ್ಲಿ ಟಿಲ್ಡೆಸಹಿತ ಎನ್ ಅಕ್ಷರಕ್ಕೆ ಎನ್ ನಂತರ ಸ್ವತಂತ್ರ ಸ್ಥಾನವಿದೆ.

ಹಳೆಯ ಕನ್ನಡ ಪಠ್ಯದ ಪರಿವರ್ತನೆ

ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳು ಲಭ್ಯವಿವೆ. ಒಂದು ಸಂಖ್ಯೆಗೆ ಇನ್ನೊಂದನ್ನು ಇಡುವುದರಿಂದಲೇ ಈ ಕೆಲಸ ಮುಗಿಯುವುದಿಲ್ಲ. ಹಳೆಯ ಫಾಂಟಿನಲ್ಲಿ ಆಕೃತಿಗಳು ಕಾಣುವ ಕ್ರಮದಲ್ಲಿದ್ದರೆ, ಯೂನಿಕೋಡಿನಲ್ಲಿ ಅಕ್ಷರಗಳು ಉಚ್ಚರಿಸುವ ಕ್ರಮದಲ್ಲಿರುತ್ತವೆ. ಕರ್ನಾಟಕ ಎಂಬ ಪದದ ಅರ್ಕಾವತ್ತು (240) ನುಡಿಯಲ್ಲಿ ನಾ ಅಕ್ಷರದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ರಕಾರವನ್ನು ನಾ ಅಕ್ಷರಕ್ಕಿಂತ ಮೊದಲು ಇಡಬೇಕು.

ಪಠ್ಯದ ನಡುವೆ ಇಂಗ್ಲಿಷ್ ಪದಗಳು ಬಂದಾಗ ಇನ್ನೊಂದು ತೊಡಕು ಉಂಟಾಗುತ್ತದೆ. ನುಡಿ ಫಾಂಟಿನಲ್ಲಿ 80 ಎಂದರೆ ತಲೆಕಟ್ಟಿಲ್ಲದ ಕಕಾರ; ಇಂಗ್ಲಿಷ್ ಫಾಂಟಿನಲ್ಲಿ ಅದೇ ಸಂಖ್ಯೆ ಪಿ ಅಕ್ಷರ. ಯಾವ ಭಾಗಕ್ಕೆ ಯಾವ ಫಾಂಟ್ ಬಳಕೆಯಾಗಿತ್ತು ಎಂಬ ಮಾಹಿತಿ ಮೂಲ ಕಡತದಲ್ಲಿ ಮಾತ್ರ ಇರುತ್ತದೆ. ಪಠ್ಯವನ್ನಷ್ಟೇ ನಕಲಿಸಿದಾಗ ಆ ಮಾಹಿತಿ ಕಳೆದುಹೋಗಿ, ಎರಡನ್ನೂ ಬೇರ್ಪಡಿಸುವುದು ಕಠಿಣವಾಗುತ್ತದೆ. ಆದ್ದರಿಂದ ಪರಿವರ್ತನೆಯ ನಂತರವೂ ಮೂಲ ಕಡತವನ್ನು ಅದರ ಫಾಂಟಿನೊಡನೆ ಉಳಿಸಿಕೊಳ್ಳುವುದು, ಪರಿವರ್ತಿತ ಪಠ್ಯವನ್ನು, ವಿಶೇಷವಾಗಿ ಅದರಲ್ಲಿನ ಹೆಸರುಗಳನ್ನೂ ಅಂಕಿಗಳನ್ನೂ, ಮೂಲದೊಡನೆ ಒಮ್ಮೆ ಹೋಲಿಸಿ ನೋಡುವುದು ಅಗತ್ಯ.